ಹಿಯಾಂಗಕ್ಕನ ಒಲೆಬೂದಿ

ನಮ್ಮ ಸಾಲುಮನೆಗಳ ಹಿಂದಿನ ಓಣಿಯಲ್ಲಿ ಯಾರು ಹಾದುಹೋದರೂ ತಿಯೋ ಗೆಕ್ ಹಿಯಾಂಗಳ ಅಡುಗೆಮನೆ ಕಿಟಕಿಯಿಂದ ಒಂದೇ ಪ್ರಶ್ನೆ ಬರುತ್ತಿತ್ತು: "ಊಟ ಆಯ್ತಾ?" ಕಸದ ಗಾಡಿಯವನಿಗೂ ಅದೇ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿಗೂ ಅದೇ, ಜಗಳವಾಡಿ ಮಾತು ಬಿಟ್ಟಿದ್ದ ಮೂಲೆಮನೆಯ ಹೆಂಗಸಿಗೂ ಅದೇ. ಇಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆ ಕೇಳುತ್ತಾರೆ, ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಹಿಯಾಂಗಕ್ಕ ಮಾತ್ರ ಕಾಯುತ್ತಿದ್ದಳು. ಅಪ್ಪಿತಪ್ಪಿ "ಇನ್ನೂ ಇಲ್ಲ" ಎಂದವರ ಕಥೆ ಮುಗಿಯಿತು. ತಟ್ಟೆ ಹಿಡಿದುಕೊಂಡೇ ಹೊರಗೆ ಬರುತ್ತಿದ್ದಳು.

ನಾನು ಅವಳ ಪಕ್ಕದ ಮನೆಯವಳು. ನಮ್ಮವರು ಸಲಿಗೆಗೆ ಹೆಸರಿನ ಮೊದಲು 'ಆ' ಸೇರಿಸುತ್ತಾರೆ, ಹಾಗಾಗಿ ಎಲ್ಲರಿಗೂ ನಾನು ಆ ಯಿನ್. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಮದುವೆಯಾಗಿ ಪೆನಾಂಗ್ ದ್ವೀಪದ ಎದುರಿನ ಬಟರ್‌ವರ್ತಿನ ಈ ಬಡಾವಣೆಗೆ ಬಂದಾಗಿನಿಂದ ಆ ಗೋಡೆಯಾಚೆ ಅವಳ ಕತ್ತಿ ಮಣೆಗೆ ಬಡಿಯುವ ಸದ್ದು ಕೇಳಿಯೇ ಏಳುವುದು ನನ್ನ ರೂಢಿ. ನನಗೆ ನಾಲಿಗೆ ಉದ್ದ, ಸಿಟ್ಟು ಮೂಗಿನ ತುದಿಯಲ್ಲಿ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇರಲಿ. ಹಿಯಾಂಗಕ್ಕನಿಗೆ ಆದದ್ದನ್ನು ಕೇಳಿಯೂ ಸಿಟ್ಟು ಬಾರದವರನ್ನು ಕಂಡರೇ ನನಗೆ ಸಿಟ್ಟು.

ಅವಳ ತಾಯಿ ತೀರಿಕೊಂಡಾಗ ತಮ್ಮ ಬೂನ್ ಕೀಟ್ ಇನ್ನೂ ಚಡ್ಡಿ ಹಾಕುವ ಹುಡುಗ. ತಂದೆ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು, ಹೆಂಡತಿಯ ಹಿಂದೆಯೇ ಹೆಚ್ಚು ದಿನ ಉಳಿಯದೆ ಹೋದ. ಹಿಯಾಂಗಕ್ಕ ಪ್ಲೈವುಡ್ ಕಾರ್ಖಾನೆಯ ಕೆಲಸಕ್ಕೆ ಹೋಗಿ ತಮ್ಮನನ್ನು ಓದಿಸಿದಳು. ಆ ಹುಡುಗನಿಗೆ ಹಸಿವು ತಡೆಯುತ್ತಿರಲಿಲ್ಲ, ಊಟ ಸ್ವಲ್ಪ ತಡವಾದರೂ ಕೈ ನಡುಗುತ್ತಿತ್ತು. ಅದಕ್ಕೆ ಅವಳು ಮುಂಜಾನೆಯೇ ಎದ್ದು ಮೂರೂ ಹೊತ್ತಿನದು ಬೇಯಿಸಿಟ್ಟು ಹೋಗುತ್ತಿದ್ದಳಂತೆ. ಆ ಕಾಲದಲ್ಲಿ ಅಲೋರ್ ಸೆತಾರಿನ ಒಬ್ಬ ಮೋಟಾರ್ ಮೆಕ್ಯಾನಿಕ್ ಅವಳನ್ನು ನೋಡಲು ಬಂದಿದ್ದ. ಅವಳು ಸೋಯಾ ರಸದಲ್ಲಿ ಬೇಯಿಸಿದ ಹಂದಿಮಾಂಸಕ್ಕೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡು ಉಂಡ. ಆಮೇಲೆ, ತಮ್ಮನನ್ನು ಯಾರಾದರೂ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟರಾಯಿತು ಎಂದ. ಅಲ್ಲಿಗೆ ಆ ಸಂಬಂಧ ಮುರಿಯಿತು. "ಅವನಿಗೆ ನಾನು ಬೇಕಿರ್ಲಿಲ್ಲ ಕಣೇ, ನನ್ನ ಸಾರು ಬೇಕಿತ್ತು" ಎಂದು ಎಷ್ಟೋ ವರ್ಷದ ಮೇಲೂ ನಗುತ್ತಿದ್ದಳು. ಮತ್ತೆ ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ.

ಬೂನ್ ಕೀಟ್ ಬಂದರಿನ ಕಚೇರಿಯಲ್ಲಿ ಗುಮಾಸ್ತನಾದ, ಈ ಮನೆ ಕೊಂಡ, ಲೇ ಪೆಂಗ್‌ಳನ್ನು ಮದುವೆಯಾದ. ಲೇ ಪೆಂಗ್ ಕೆಟ್ಟವಳೇನಲ್ಲ. ಆದರೆ ಅವಳ ಪಾಲಿಗೆ ಅಡುಗೆಮನೆ ಅಂದರೆ ಫ್ರಿಜ್ ಇರುವ ಜಾಗ. ಅವರ ಮಗ ವೇಯ್ ಲೂನ್‌ನನ್ನು ಎತ್ತಿ ಆಡಿಸಿ, ಗಂಜಿ ತಿನ್ನಿಸಿ ಬೆಳೆಸಿದವಳೂ ಹಿಯಾಂಗಕ್ಕನೇ. ಅವನು "ದೊಡ್ಡತ್ತೆ" ಎಂದು ಕರೆದದ್ದನ್ನು ಕೇಳಿ ಓಣಿಯ ಮಕ್ಕಳೆಲ್ಲ ಅವಳನ್ನು ದೊಡ್ಡತ್ತೆ ಎಂದೇ ಕರೆದರು.

ನಮ್ಮ ಚೀನೀ ಜನರಲ್ಲಿ ಮದುವೆಯಾಗದೆ ಸತ್ತ ಹೆಣ್ಣಿನ ಹೆಸರು ಮನೆಯ ಹಿರಿಯರ ಸಾಲಿಗೆ ಏರುವುದಿಲ್ಲ. ಹಜಾರದ ಪೀಠದ ಮೇಲೆ ಅವಳ ಹೆಸರಿನ ಹಲಗೆ ಇಡುವಂತಿಲ್ಲ. ಅದು ಹಿಯಾಂಗಕ್ಕನಿಗೆ ಚೆನ್ನಾಗಿ ಗೊತ್ತಿತ್ತು. "ಮುಂದಿನ ಪೀಠ ನಿಮ್ದು, ಹಿಂದಿನ ಒಲೆ ನಂದು" ಎಂದು ತಮ್ಮನಿಗೆ ತಮಾಷೆಯಾಗಿ ಹೇಳುತ್ತಿದ್ದಳು. ತಮಾಷೆ ಎಂದು ನಾವು ಅಂದುಕೊಂಡಿದ್ದೆವು. ಅವಳಿಗೆ ಆ ಮನೆಯಲ್ಲಿ ಇದ್ದ ಜಾಗವೇ ಅದೊಂದು.

ಆ ಅಡುಗೆಮನೆ ಹಳೆಯ ಕಾಲದ್ದು. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಎಳೆದುಕೊಳ್ಳಬೇಕು. ತಿಳಿಹಸಿರು ಟೈಲ್ಸ್‌ಗಳಲ್ಲಿ ಅರ್ಧಕ್ಕರ್ಧ ಬಿರುಕು, ಸಿಂಕಿನ ಕೆಳಗೆ ಬಾಗಿಲಿನ ಬದಲು ಹೂವಿನ ಬಟ್ಟೆಯ ಪರದೆ, ಕಿಟಕಿಯ ಗಾಜಿನ ಪಟ್ಟಿಗಳಿಗೆ ಎಷ್ಟು ಉಜ್ಜಿದರೂ ಹೋಗದ ಎಣ್ಣೆಜಿಡ್ಡು. ಹಿಂಬಾಗಿಲ ಹೊರಗೆ ತಗಡಿನ ಮಾಡಿನ ಕೆಳಗೆ ಇದ್ದಿಲೊಲೆ. ಗ್ಯಾಸ್ ಒಲೆಯ ಮೇಲೆ ಗೋಡೆಯಲ್ಲಿ ಒಲೆದೇವರ ಕೆಂಪು ಹಲಗೆ, ಅದರ ಮುಂದೆ ಊದುಬತ್ತಿ ಚುಚ್ಚುವ ಹಿತ್ತಾಳೆ ಬಟ್ಟಲು. ಆ ಬಟ್ಟಲಿನ ಬೂದಿ ಅವಳ ಅಜ್ಜಿಯ ಕಾಲದಿಂದ ಬಂದದ್ದು. ಹಿಯಾಂಗಕ್ಕ ಗಿಡ್ಡ ಹೆಂಗಸು, ನನ್ನ ಭುಜಕ್ಕೆ ಬರುತ್ತಾಳೆ. ಹೊಸದಾಗಿ ಈ ಮನೆಗೆ ಬಂದಾಗ ಬೂನ್ ಕೀಟ್ ತಾನೇ ನಿಂತು, ಅಡುಗೆಕಟ್ಟೆಯನ್ನು ಅಕ್ಕನ ಎತ್ತರಕ್ಕೆ ಸರಿಯಾಗಿ ತಗ್ಗಿಸಿ ಕಟ್ಟಿಸಿದ್ದ. ಆ ಮಾತನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೇ ನೂರು ಸಲ ಹೇಳಿರಬೇಕು.

ವೇಯ್ ಲೂನ್‌ಗೆ ಮದುವೆ ಗೊತ್ತಾಯಿತು. ಹುಡುಗಿ ಹುಯ್ ಶಾನ್, ಪೆನಾಂಗ್ ದ್ವೀಪದವಳು, ಎತ್ತರದ ಚೆಂದದ ಹುಡುಗಿ. ಮದುವೆಯ ಹೊತ್ತಿಗೆ ಅಡುಗೆಮನೆ ಒಡೆದು ದೊಡ್ಡದು ಮಾಡಿಸುವುದೆಂದು ಬೂನ್ ಕೀಟ್ ಹೊರಟ. ನಮ್ಮ ಸಾಲಿನಲ್ಲಿ ಬಹುತೇಕ ಎಲ್ಲರೂ ಹಿಂದಿನ ಗೋಡೆ ಕೆಡವಿ ಓಣಿಯ ಅಂಚಿನವರೆಗೆ ಮನೆ ಎಳೆದಾಗಿತ್ತು. ಮುಂದೆ ನೆಂಟರಿಗೆ ತೋರಿಸಲು ಹೊಳೆಯುವ ಡ್ರೈ ಕಿಚನ್, ಹಿಂದೆ ಹೊಗೆ, ಘಾಟು, ಮೀನಿನ ವಾಸನೆಗೆಲ್ಲ ವೆಟ್ ಕಿಚನ್. ಹಾಗೇ ಉಳಿದಿದ್ದದ್ದು ಅವರ ಮನೆ, ನಮ್ಮ ಮನೆ.

"ಅಕ್ಕಾ, ನಿನ್ನ ಮೊಣಕಾಲು ನೋಡು, ನಿನ್ನ ಕೆಮ್ಮು ನೋಡು. ಇನ್ನೂ ಎಷ್ಟು ದಿನ ಈ ಬಿಲದಲ್ಲಿ ಬೇಯ್ತೀಯ? ನಿನಗೋಸ್ಕರಾನೇ ಮಾಡಿಸ್ತಿರೋದು" ಎಂದ ಬೂನ್ ಕೀಟ್.

"ನನಗೋಸ್ಕರ ಆದ್ರೆ ಮುಟ್ಬೇಡ. ನನಗೆ ಇದೇ ಸಾಕು."

"ನಿನ್ನ ಇದೇ ಸಾಕು, ಇದೇ ಸಾಕು ಕೇಳಿ ಕೇಳಿ ನನ್ನ ತಲೆ ಬೆಳ್ಳಗಾಯ್ತು."

ಆ ಸಂಜೆ ಅವಳು ನಮ್ಮ ಹಿಂಬಾಗಿಲಿಗೆ ಬಂದಳು. ಕೈಯಲ್ಲಿ ಹುಣಸೆ ಹಾಕಿದ ಮೀನಿನ ಸಾರು. "ನನಗೋಸ್ಕರ ಅಂತೆ ಕಣೇ ಆ ಯಿನ್" ಎಂದಳು, ನಾಚಿಕೊಂಡ ಹಾಗೆ. ಬೇಡ ಎಂದು ಹಟ ಹಿಡಿದಿದ್ದವಳು ಮಾರನೆಯ ದಿನವೇ ಮೇಸ್ತ್ರಿ ಆ ಹುವಾಟ್‌ನ ಹಿಂದೆ ಹಿಂದೆ ಓಡಾಡತೊಡಗಿದಳು. ಕಟ್ಟೆ ಮೊದಲಿನ ಎತ್ತರಕ್ಕೇ ಇರಲಿ, ಕಿಟಕಿ ಓಣಿಯ ಕಡೆಗೆ ಇರಲಿ, ಇದ್ದಿಲೊಲೆಗೆ ಒಂದು ಮೂಲೆ ಬಿಡು. ಆ ಹುವಾಟ್ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಎಲ್ಲದಕ್ಕೂ ತಲೆಯಾಡಿಸಿದ. ಎಲ್ಲದಕ್ಕೂ ತಲೆಯಾಡಿಸುವ ಮೇಸ್ತ್ರಿಯನ್ನು ನಂಬಬಾರದು ಎಂದು ನಾನು ಆಗಲೇ ಹೇಳಿದೆ. ನನ್ನ ಮಾತು ಯಾರು ಕೇಳುತ್ತಾರೆ.

ಒಡೆಯುವ ದಿನ ಬೆಳಿಗ್ಗೆ ಅವಳು ಒಲೆದೇವರ ಹಲಗೆಯನ್ನೂ ಹಿತ್ತಾಳೆ ಬಟ್ಟಲನ್ನೂ ಕೈಯಾರೆ ಇಳಿಸಿ, ಕಾರು ನಿಲ್ಲಿಸುವ ಮುಂದಿನ ಚಪ್ಪರದಲ್ಲಿ ಒಂದು ಸ್ಟೂಲಿನ ಮೇಲೆ ಇಟ್ಟಳು. "ಒಲೆ ಇಲ್ಲದ ದೇವ್ರು, ಪಾಪ, ನೆಂಟರ ಹಾಗೆ ಕೂತ್ಕೋಬೇಕು" ಎಂದಳು. ಹೊಸ ಒಲೆಗೆ ಬೆಂಕಿ ಹಾಕುವ ದಿನ ಈ ಬೂದಿಯಿಂದ ಒಂದು ಚಿಟಿಕೆ ಹೊಸ ಬಟ್ಟಲಿಗೆ ಬೀಳಬೇಕು, ಆಗಲೇ ದೇವರು ಬಂದು ಕೂರುವುದು. ಅದನ್ನು ಹೇಳುತ್ತ ಅಜ್ಜಿಯ ಮಾತು ತೆಗೆದಳು. "ನಾನು ಚಿಕ್ಕೋಳಿದ್ದಾಗ ನಮ್ಮ ಚಿಕ್ಕಪ್ಪ ಬೇರೆ ಒಲೆ ಹೂಡಿದ್ರು. ಅಜ್ಜಿ ಹತ್ರ ಬಂದು ಬೂದಿ ಕೇಳಿದ್ರು. ಅಜ್ಜಿ ಎರಡೂ ಕೈ ಹಿಡಿ ಅಂದು, ಅಂಗೈಗೆ ಹಾಕಿದ್ಳು. ಅಷ್ಟು ದೊಡ್ಡ ಗಂಡಸು, ಅಳ್ತಾ ಹೋದ್ರು ಕಣೇ. ಬೇರೆ ಆಗಿ ಹೋಗೋನಿಗೆ ಮಾತ್ರ ಹಾಗೆ ಅಂಗೈಗೆ ಕೊಡೋದು. ಹಳೇ ಒಲೆ ಹಿರಿಯರ ಹತ್ರಾನೇ ಉಳಿಯುತ್ತೆ."

ಕೆಲಸ ನಡೆದಷ್ಟು ದಿನವೂ ಆ ಚಪ್ಪರವೇ ಅಡುಗೆಮನೆ. ಸಿಲಿಂಡರ್, ಒಂದು ಒಲೆ, ಒಂದು ದೊಡ್ಡ ಬಾಣಲೆ. ದಾರಿಯಲ್ಲಿ ಹೋಗುವವರೆಲ್ಲ ಕಾಲೆಳೆಯುವವರೇ.

"ದೊಡ್ಡತ್ತೆ, ಹೋಟ್ಲು ತೆಗೆದ್ರಾ? ನನಗೊಂದು ಪ್ಲೇಟ್ ನೂಡಲ್ಸ್!"

"ನಿನ್ನಂಥ ಹೊಟ್ಟೆಬಾಕನಿಗೆ ನನ್ನ ಹೋಟ್ಲು ಬಾಗಿಲು ಮುಚ್ಚಿರುತ್ತೆ. ಊಟ ಆಯ್ತಾ?"

ಧೂಳು, ಸಿಮೆಂಟು, ಮೆಷಿನ್ನಿನ ಗಲಾಟೆಯ ನಡುವೆ ಅವಳು ಆ ದಿನಗಳಲ್ಲಿ ಇದ್ದಷ್ಟು ಗೆಲುವಾಗಿದ್ದುದನ್ನು ನಾನು ಎಂದೂ ನೋಡಿರಲಿಲ್ಲ.

ಹೊಸ ಕಟ್ಟೆ ಎದ್ದಿತು. ಒಂದು ಮಧ್ಯಾಹ್ನ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಹೋಗಿ ಅದರ ಮುಂದೆ ನಿಂತಳು. ಕಟ್ಟೆ ಅವಳ ಎದೆಗೆ ಬರುತ್ತಿತ್ತು. ಓಣಿಯ ಕಡೆಗೆ ಕಿಟಕಿ ಇರಲಿಲ್ಲ, ಹೊಗೆ ಎಳೆಯುವ ಯಂತ್ರಕ್ಕೆ ಗೋಡೆ ಮುಚ್ಚಿದ್ದರು. ಇದ್ದಿಲೊಲೆಯ ಮೂಲೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಕೊಳಾಯಿ ಬಂದಿತ್ತು.

"ಆ ಹುವಾಟ್, ಏನಪ್ಪಾ ಇದು? ನಾನು ಹೇಳಿದ ಎತ್ತರ ಎಲ್ಲಿ?"

ಆ ಹುವಾಟ್ ತನ್ನ ಚಪ್ಪಲಿ ನೋಡಿಕೊಂಡ. "ಯಜಮಾನ್ರು ಕೊಟ್ಟ ಅಳತೆ ದೊಡ್ಡತ್ತೆ. ನನಗೇನೂ ಗೊತ್ತಿಲ್ಲ."

"ಕೀಟ್ ಮರೆತಿರ್ಬೇಕು. ಅವನಿಗೆ ಮದುವೆ ಗಡಿಬಿಡಿ" ಎಂದು ಅವಳೇ ಸಮಾಧಾನ ಹೇಳಿದಳು, ಅವನಿಗೂ ನನಗೂ. "ಮಣೆ ಹಾಕ್ಕೊಂಡು ನಿಂತ್ರಾಯ್ತು ಬಿಡು."

ಹಿಂದೆ ಒಂದು ಗ್ಯಾಸ್ ಒಲೆ, ಮುಂದಿನ ಹೊಳೆಯುವ ಕೋಣೆಯಲ್ಲಿ ಕಪ್ಪು ಗಾಜಿನ ಕರೆಂಟ್ ಒಲೆ. ಅದನ್ನು ಮಾತ್ರ ಅವಳು ಎರಡೆರಡು ಸಲ ನೋಡಿದಳು. ಒಂದು ಮನೆಯಲ್ಲಿ ಎರಡು ಒಲೆ ಹತ್ತಿದರೆ ಮನೆ ಒಡೆಯಿತು ಎಂದೇ ನಮ್ಮ ಹಿರಿಯರು ತಿಳಿಯುತ್ತಿದ್ದದ್ದು. ಲೇ ಪೆಂಗ್‌ಗೆ ಹೇಳಿದರೆ ನಕ್ಕುಬಿಟ್ಟಳಂತೆ: "ಈಗ ಅದೆಲ್ಲ ಯಾರು ನೋಡ್ತಾರೆ ಅಕ್ಕ? ಎಲ್ಲರ ಮನೇಲೂ ಎರಡಿದೆ." ಅದೂ ಸರಿಯೇ. ನಮ್ಮದೊಂದು ಬಿಟ್ಟರೆ ಎಲ್ಲರ ಮನೆಯಲ್ಲೂ ಎರಡಿತ್ತು.

ಇನ್ನು ಬೆಂಕಿ ಹಾಕುವ ದಿನ ನೋಡಿಸಬೇಕು. ಅದು ಯಾವಾಗಲೂ ಅವಳದೇ ಕೆಲಸ. ನಮ್ಮಲ್ಲಿ ಹನ್ನೆರಡು ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು; ದಿನ ನೋಡುವವರು ಒಲೆಯ ಯಜಮಾನಿ ಹುಟ್ಟಿದ ವರ್ಷ ಯಾವ ಪ್ರಾಣಿಯದೆಂದು ಕೇಳುತ್ತಾರೆ, ಅವಳಿಗೆ ಹೊಂದುವ ದಿನ ಕೊಡುತ್ತಾರೆ. ಮನೆಯಲ್ಲಿ ಇರುವ ಉಳಿದವರ ವರ್ಷವನ್ನೂ ಕೇಳುತ್ತಾರೆ, ಆ ದಿನ ಯಾರಿಗೂ ಎದುರು ಬೀಳಬಾರದಲ್ಲ. ಹಿಯಾಂಗಕ್ಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಸ್ಕೂಟರಿನ ಹಿಂದೆ ಕೂತಳು. ಮಾರುಕಟ್ಟೆಯ ಹಿಂದಿನ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಮೊದಲು ಇದ್ದ ಅಜ್ಜ ತೀರಿಕೊಂಡು, ಲಿಮ್ ಎಂಬ ಬೇರೆ ಊರಿನ ಮುದುಕ ಬಂದಿದ್ದ. ಅವನಿಗೆ ನಮ್ಮ ಮುಖದ ಪರಿಚಯವಿಲ್ಲ.

"ಊಟ ಆಯ್ತಾ?" ಎಂದಳು ಹಿಯಾಂಗಕ್ಕ, ಅವನಿಗೂ.

"ಆಯ್ತು, ಆಯ್ತು. ಏನು ಬಂದಿದ್ದು?"

"ಹೊಸ ಒಲೆಗೆ ಬೆಂಕಿ ಹಾಕೋಕೆ ದಿನ ನೋಡಿ ಕೊಡಿ. ಒಲೆ ಯಜಮಾನಿ ಡ್ರ್ಯಾಗನ್ ವರ್ಷ." ಮನೆಯ ನಂಬರು, ತಮ್ಮನ ಹೆಸರು ಹೇಳಿದಳು.

ಲಿಮ್ ಅಜ್ಜ ಪಂಚಾಂಗ ತೆಗೆದವನು ಅರ್ಧಕ್ಕೇ ಮುಚ್ಚಿದ. "ಈ ಮನೆಗೆ ಕೊಟ್ಟಾಗಿದೆಯಲ್ಲಮ್ಮ! ಬೂನ್ ಕೀಟೇ ಬಂದಿದ್ದ. ಹಿಂದಿನ ಒಲೆ ಆಡಿನ ವರ್ಷದವಳಿಗೆ, ಮುಂದಿನ ಒಲೆ ನಾಯಿ ವರ್ಷದವಳಿಗೆ. ಎರಡೂ ಒಟ್ಟಿಗೇ ಹತ್ಬೇಕು, ಮದುವೆಗೆ ಮುಂಚೆನೇ ಆಗ್ಬೇಕು ಅಂದ. ಅಂಥ ದಿನ ಹುಡುಕೋದ್ರಲ್ಲಿ ನನಗೆ ಸಾಕುಸಾಕಾಯ್ತು."

ಲೇ ಪೆಂಗ್ ಆಡಿನ ವರ್ಷದವಳು. ಹುಯ್ ಶಾನ್ ನಾಯಿಯ ವರ್ಷದವಳು. ಅದು ನನಗೂ ಗೊತ್ತು, ಜಾತಕ ಕೂಡಿಸುವಾಗ ಹಿಯಾಂಗಕ್ಕನೇ ಹೇಳಿದ್ದಳು.

"ಡ್ರ್ಯಾಗನ್?" ಎಂದಳು ಹಿಯಾಂಗಕ್ಕ.

"ಡ್ರ್ಯಾಗನ್‌ಗೆ ಆ ದಿನ ಆಗೋದೇ ಇಲ್ಲಮ್ಮ. ಆ ವರ್ಷದವರು ಅವತ್ತು ಮನೆಯೊಳಗೇ ಇರಕೂಡದು, ಎದುರು ಬೀಳುತ್ತೆ. ಅದಕ್ಕೇ ನಾನು ಬಾಯಿಬಿಟ್ಟು ಕೇಳಿದೆ, ಮನೇಲಿ ಡ್ರ್ಯಾಗನ್ ಯಾರಾದ್ರೂ ಇದ್ದಾರೇನಪ್ಪ ಅಂತ. ಯಾರೂ ಇಲ್ಲ ಅಂದ."

"ಯಾರೂ ಇಲ್ಲ ಅಂದನಾ?"

"ಯಾರೂ ಇಲ್ಲ ಅಂದ. ಯಾಕಮ್ಮ, ನೀವು ಆ ಮನೆಗೆ ಏನಾಗ್ಬೇಕು?"

ನನ್ನ ಬಾಯಿ ತೆರೆದಿತ್ತು. ಏನಾಗಬೇಕು ಎಂದು ಹೇಳಿ ಆ ದೇವಸ್ಥಾನದ ಗಂಟೆಯೇ ಬೀಳುವಂತೆ ಕೂಗುವವಳಿದ್ದೆ. ಹಿಯಾಂಗಕ್ಕ ನನ್ನ ಮಣಿಕಟ್ಟು ಹಿಡಿದಳು.

"ನಾನು ಅಲ್ಲಿ ಅಡುಗೆ ಮಾಡೋಳು" ಎಂದಳು.

ಹಿಂದಿರುಗುವಾಗ ದಾರಿಯುದ್ದಕ್ಕೂ ನಾನೊಬ್ಬಳೇ ಬೈದೆ. ಬೂನ್ ಕೀಟ್‌ನನ್ನು ಬೈದೆ, ಲೇ ಪೆಂಗ್‌ಳನ್ನು ಬೈದೆ, ಇನ್ನೂ ಮನೆಗೆ ಕಾಲಿಡದ ಆ ಹುಡುಗಿಯನ್ನೂ ಬೈದೆ. "ಹಿಯಾಂಗಕ್ಕ, ಏನಾದ್ರೂ ಮಾತಾಡು" ಎಂದೆ.

"ಮಾರ್ಕೆಟ್ ಹತ್ರ ನಿಲ್ಸು. ಮೊಳಕೆ ತಗೋಬೇಕು. ಕೀಟ್‌ಗೆ ಇವತ್ತು ಮೊಳಕೆ ಪಲ್ಯ ಅಂದಿದ್ದೆ."

ಅಂಥ ತಮ್ಮನಿಗೆ ಮೊಳಕೆ ಪಲ್ಯ! ಆದರೂ ನಿಲ್ಲಿಸಿದೆ. ಅವಳು ಎಂದಿನಂತೆ ಒಂದೊಂದೇ ಹಿಡಿ ಎತ್ತಿ, ಮೂಸಿ, ಆರಿಸಿ ತೆಗೆದುಕೊಂಡಳು.

ಆ ಸಂಜೆ ಅವಳು ಎಲ್ಲರೂ ಉಂಡು ಮುಗಿಸುವವರೆಗೆ ಬಾಯಿ ಬಿಡಲಿಲ್ಲ. ಅವರ ಹೊಸ ಗೋಡೆಗೆ ನಮ್ಮ ಕಡೆ ಇನ್ನೂ ಗಾರೆ ಆಗಿರಲಿಲ್ಲ. ನನ್ನ ಸಿಂಕಿನ ಮುಂದೆ ನಿಂತರೆ ಅಲ್ಲಿನ ಮಾತು ಇಲ್ಲೇ ಆಡಿದಂತೆ ಕೇಳುತ್ತಿತ್ತು. ನಾನು ನಿಂತೆ. ಕದ್ದು ಕೇಳಿದೆ ಎಂದು ಯಾರಾದರೂ ಅಂದುಕೊಳ್ಳುವುದಾದರೆ ಅಂದುಕೊಳ್ಳಲಿ.

"ಕೀಟ್, ನಾನು ಯಾವ ವರ್ಷದಲ್ಲಿ ಹುಟ್ಟಿದ್ದು?"

ಯಾರೋ ಕುರ್ಚಿ ಎಳೆದ ಸದ್ದು.

"ಮರೆತುಹೋಯ್ತಾ? ಇಲ್ಲಾ, ನಾನು ಹುಟ್ಟೇ ಇಲ್ವಾ?"

"ಅಕ್ಕ, ನೀನು ದೇವಸ್ಥಾನಕ್ಕೆ ಹೋಗಿದ್ಯಾ..." ಬೂನ್ ಕೀಟ್‌ನ ದನಿ ಸಣ್ಣಗಾಗಿತ್ತು. "ಡ್ರ್ಯಾಗನ್ ಅಂದ್ರೆ ಮದುವೆಗೆ ಮುಂಚೆ ದಿನಾನೇ ಸಿಗ್ತಿರ್ಲಿಲ್ಲ. ಅದಕ್ಕೆ ಬಿಟ್ಟೆ, ಅಷ್ಟೇ. ಬೇರೆ ಏನಿಲ್ಲ."

"ಒಂದು ದಿನಕ್ಕೋಸ್ಕರ ನನ್ನನ್ನ ಮನೆಯಿಂದ ಬಿಟ್ಟುಬಿಟ್ಟೆ."

"ಹಾಗಲ್ಲ ಅಕ್ಕ..."

"ಹೇಳಿಬಿಡಿ" ಎಂದಳು ಲೇ ಪೆಂಗ್. "ಹೇಗಿದ್ರೂ ಹೇಳ್ಲೇಬೇಕು. ಎಷ್ಟು ದಿನ ಅಂತ ಮುಚ್ಚಿಡ್ತೀರ?"

ಆಗ ಅವನು ಹೇಳಿದ. ಬುಕಿತ್ ಮೆರ್ತಾಜಂ ಕಡೆ ಬೆಟ್ಟದ ಬುಡದಲ್ಲಿ ಒಂದು ಸಸ್ಯಾಹಾರದ ಮಠವಿದೆ. ಮದುವೆಯಾಗದ ಹೆಂಗಸರು ಮುಪ್ಪಿನಲ್ಲಿ ಹೋಗಿ ಸೇರುವ ಜಾಗ. ಅಲ್ಲಿ ಅವಳಿಗೊಂದು ಕೋಣೆ ಗೊತ್ತುಮಾಡಿಯಾಗಿತ್ತು. ಅವಳು ಮಲಗುವ ಕೋಣೆ ಹೊಸ ಜೋಡಿಗೆ ಬೇಕಾಗಿತ್ತು. ಒಂದೇ ಅಡುಗೆಮನೆಯಲ್ಲಿ ಮೂರು ಹೆಂಗಸರು ಎಂದರೆ ಹುಯ್ ಶಾನ್‌ಳ ತಾಯಿ ಮುಖ ಸಿಂಡರಿಸಿದ್ದಳಂತೆ.

"ಅಲ್ಲಿ ಕೂತಲ್ಲಿಗೆ ಊಟ ಬರುತ್ತೆ ಅಕ್ಕ. ನೀನೇ ಒಂದ್ಸಲ ಹೇಳಿದ್ದೆಯಲ್ಲ, ಆ ಜಾಗ ತಂಪಾಗಿದೆ ಅಂತ."

"ಅಲ್ಲಿನ ಕಲ್ಲುಬೆಂಚು ತಂಪಾಗಿದೆ ಅಂದಿದ್ದೆ ಕೀಟ್. ಅಲ್ಲೇ ಸಾಯ್ತೀನಿ ಅಂದಿರ್ಲಿಲ್ಲ."

"ಅಲ್ಲಾದ್ರೆ ಮುಂದೆ ನಿನ್ನ ಹೆಸರಿನ ಹಲಗೆನೂ ಇಡ್ತಾರೆ. ಇಲ್ಲಿ ಇಡೋಕಾಗಲ್ಲ ಅಂತ ನಿನಗೂ ಗೊತ್ತು. ನಿನಗೋಸ್ಕರಾನೇ..."

"ಇನ್ನೊಂದ್ಸಲ ಆ ಮಾತು ಆಡ್ಬೇಡ." ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಮಠಕ್ಕೆ ಹೋಗು ಅಂದಿದ್ರೆ ಅತ್ತು ಹೋಗ್ತಿದ್ದೆ. ಅಡುಗೆಮನೆ ನಿನಗೆ ಅಂದ್ಯಲ್ಲ. ನಾನು ಆ ಹುವಾಟ್ ಹಿಂದೆ ಓಡಾಡಿದೆನಲ್ಲ, ಕಟ್ಟೆ ತಗ್ಗಿಸು, ಕಿಟಕಿ ಇಡು ಅಂತ. ನೀವೆಲ್ಲ ನೋಡ್ತಾ ಇದ್ರಿ."

ಆಮೇಲೆ ಕೊಳಾಯಿ ಬಿಟ್ಟ ಸದ್ದು, ತಟ್ಟೆ ತೊಳೆಯುವ ಸದ್ದು. ತೊಳೆದವಳು ಅವಳೇ ಎಂದು ಬೇರೆ ಹೇಳಬೇಕಾಗಿಲ್ಲ.

ಮಾರನೆಯ ದಿನ ನಾನು ಬೂನ್ ಕೀಟ್‌ನನ್ನು ಗೇಟಿನ ಹತ್ತಿರ ತಡೆದೆ. ಅವನು ಕಾರಿನ ಗಾಜು ಒರೆಸುತ್ತಲೇ ಇದ್ದ. "ಆ ಯಿನ್, ಇದು ನಮ್ಮನೆ ವಿಷಯ" ಎಂದ. "ಅವಳನ್ನ ಎಣಿಸದೇ ಇರೋ ಮನೆನಾ ನಿಮ್ಮನೆ?" ಎಂದು ಕೇಳಿದೆ. ಅವನು ಒರೆಸಿದ ಗಾ‌ಜನ್ನೇ ಮತ್ತೆ ಒರೆಸಿದ. ವೇಯ್ ಲೂನ್ ಎರಡು ದಿನ ದೊಡ್ಡತ್ತೆಯ ಎದುರು ಬರಲಿಲ್ಲ, ಮೂರನೆಯ ದಿನ ಬಂದು ಅತ್ತ. ಆದರೆ ಹೋಗಬೇಡ ಎಂದು ಮಾತ್ರ ಅವನ ಬಾಯಲ್ಲಿ ಬರಲಿಲ್ಲ. ಹಿಯಾಂಗಕ್ಕ ಅದಕ್ಕಾಗಿ ಕಾದಳು ಎಂದು ನನಗೆ ಗೊತ್ತು.

ಬೆಂಕಿ ಹಾಕುವ ದಿನ ಅವಳು ಮನೆಯಲ್ಲಿ ಇರಬಾರದಲ್ಲ. ಹಿಂದಿನ ದಿನವೇ ಹೊರಟಳು. ತಮ್ಮನೇ ಕಾರಿನಲ್ಲಿ ಕರೆದುಕೊಂಡು ಹೋದ. ಸೂಟ್‌ಕೇಸನ್ನು ತಾನೇ ಎತ್ತಿ ಡಿಕ್ಕಿಗೆ ಹಾಕಿದ, ಅಕ್ಕನಿಗೆ ಕಾರಿನ ಬಾಗಿಲು ತೆರೆದ. ಅವಳ ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಗಂಟು ಇತ್ತು. ಅದೇನೆಂದು ಅವನು ಕೇಳಲಿಲ್ಲ. ಓಣಿಯವರಿಗೆ, ಮೂಲೆಮನೆಯವಳಿಗೂ, ಅವಳು ಕೈ ಬೀಸಿದಳು. ಚಪ್ಪರದ ಸ್ಟೂಲ್ ಖಾಲಿಯಾಗಿದ್ದದ್ದನ್ನು ನಾನು ಆಗಲೇ ನೋಡಿದೆ. ನೋಡಿ ಸುಮ್ಮನಿದ್ದೆ. ಜೀವನದಲ್ಲಿ ನಾನು ಸುಮ್ಮನಿದ್ದು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಮಾರನೆಯ ದಿನ ಬೆಳಿಗ್ಗೆ ಅವರ ಮನೆಯಲ್ಲಿ ನೆಂಟರು ಸೇರುತ್ತಿದ್ದರೆ, ನಾನು ಕಿತ್ತಳೆಹಣ್ಣು ಕಟ್ಟಿಕೊಂಡು ಸ್ಕೂಟರಿನಲ್ಲಿ ಮಠಕ್ಕೆ ಹೋದೆ. ಜಾಗ ತಂಪಾಗಿಯೇ ಇತ್ತು. ಹಿಯಾಂಗಕ್ಕ ಅಡುಗೆಮನೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು, ಬುಟ್ಟಿ ತುಂಬ ಮೊಳಕೆ ಇಟ್ಟುಕೊಂಡು ಒಂದೊಂದರ ಬೇರಿನ ಬಾಲ ಮುರಿಯುತ್ತಿದ್ದಳು.

"ಒಲೆ ಹತ್ರ ಬಿಡಲ್ಲ ಕಣೇ ಇವರು. ವಯಸ್ಸಾಯ್ತು, ಕೂತ್ಕೊಳ್ಳಿ ಅಂತಾರೆ. ಇಷ್ಟಕ್ಕಾದ್ರೂ ಬಿಟ್ರಲ್ಲ" ಎಂದಳು. ನನ್ನ ಮುಖ ನೋಡಿದಳು. "ಊಟ ಆಯ್ತಾ?"

ಆಯ್ತು ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ, ಒಳಗೆ ಹೋಗಿ ಒಂದು ಬಟ್ಟಲು ಗಂಜಿ, ಹುರಿದ ಕಡಲೆಕಾಯಿ ತಂದು ಕೊಟ್ಟಳು. ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಆ ಟವೆಲಿನ ಗಂಟು ಇತ್ತು.

ಗಂಜಿ ಅರ್ಧ ಆಗುವ ಹೊತ್ತಿಗೆ ಬೂನ್ ಕೀಟ್‌ನ ಕಾರು ಗೇಟಿನೊಳಗೆ ನುಗ್ಗಿ ಬಂತು. ಕೆಂಪು ಹೊಸ ಅಂಗಿ, ಬೆವರಿಗೆ ಬೆನ್ನಿಗಂಟಿತ್ತು. ಲಿಮ್ ಅಜ್ಜ ಬಂದು ಕೂತಿದ್ದನಂತೆ, ಹಳೆಯ ಬಟ್ಟಲು ಎಲ್ಲಿ ಎಂದು ಕೇಳಿದ್ದನಂತೆ, ಮನೆಯೆಲ್ಲ ಹುಡುಕಿದ್ದರಂತೆ.

"ಅಕ್ಕ, ಬಟ್ಟಲು ನಿನ್ನ ಹತ್ರ ಇದೆಯಾ? ಒಂದು ಚಿಟಿಕೆ ಬೂದಿ ಸಾಕು. ಹೊತ್ತು ಮೀರಿದ್ರೆ ಎಲ್ಲ ಕೆಟ್ಟುಹೋಗುತ್ತೆ. ಎಲ್ಲರೂ ಕಾಯ್ತಿದಾರೆ, ಬೆಳಿಗ್ಗೆಯಿಂದ ಯಾರೂ ಏನೂ ತಿಂದಿಲ್ಲ."

ಅವನ ಕೈ ನಡುಗುತ್ತಿತ್ತು. ಅದನ್ನು ನಾನು ನೋಡಿದೆ. ಅವಳೂ ನೋಡಿದಳು.

ಹಿಯಾಂಗಕ್ಕ ಕೈಯಲ್ಲಿದ್ದ ಮೊಳಕೆಯನ್ನು ಬುಟ್ಟಿಗೆ ಹಾಕಿ, ಅಂಗಿಯ ಅಂಚಿಗೆ ಕೈ ಒರೆಸಿಕೊಂಡು, ಟವೆಲು ಬಿಚ್ಚಿದಳು. ಒಲೆದೇವರ ಕೆಂಪು ಹಲಗೆಯ ಮೇಲೆ ಹಿತ್ತಾಳೆ ಬಟ್ಟಲು ಉಜ್ಜಿ ಹೊಳೆಯುತ್ತಿತ್ತು. ಅವನು ಅಂಗಿಯ ಜೇಬಿನಿಂದ ಒಂದು ಕೆಂಪು ಕಾಗದ ತೆಗೆದು ಚಾಚಿದ.

"ಕಾಗದ ಬೇಡ. ಎರಡೂ ಕೈ ಹಿಡಿ" ಎಂದಳು.

ಅವನು ಹಿಡಿದ. ಅವಳು ಬೂದಿ ತೆಗೆದು ಅವನ ಅಂಗೈಗೆ ಹಾಕಿದಳು. ಒಂದು ಚಿಟಿಕೆಯಲ್ಲ, ಒಂದು ಹಿಡಿ. ಚೆಲ್ಲದಂತೆ ಅವನ ಬೆರಳುಗಳನ್ನು ಕೂಡಿಸಿದಳು, ಸಣ್ಣವನಿದ್ದಾಗ ಅವನ ಕೈಗೆ ಕಡಲೆಕಾಯಿ ಹಾಕಿ ಕೂಡಿಸುತ್ತಿದ್ದಿರಬೇಕು, ಹಾಗೆ.

"ಅಜ್ಜಿ ಚಿಕ್ಕಪ್ಪನಿಗೆ ಕೊಟ್ಟಿದ್ದು ಹೀಗೇ. ನೀನಿನ್ನೂ ಹುಟ್ಟಿರ್ಲಿಲ್ಲ. ಬೇರೆ ಆಗಿ ಹೋಗೋನು ಬಂದು ಬೂದಿ ಕೇಳ್ಬೇಕು. ನೀನು ಬಂದು ಕೇಳ್ದೆ, ನಾನು ಕೊಟ್ಟೆ."

"ಅಕ್ಕ, ನಾವೆಲ್ಲಿ ಬೇರೆ ಆಗಿದೀವಿ? ಏನು ಮಾತು ಅಂತ..."

"ಹಳೇ ಒಲೆ ನನ್ನ ಹತ್ರ ಇದೆ ಕೀಟ್. ಅಕ್ಕ ಮನೆ ಬಿಟ್ಟು ಹೋದ್ಳು ಅಂತ ಯಾರ ಮುಂದೆನೂ ಹೇಳ್ಬೇಡ. ನಾನು ಎಲ್ಲಿಗೂ ಹೋಗಿಲ್ಲ. ಹೋಗಿರೋದು ನೀನು."

ಅವನಿಗೆ ಆಗ ಅರ್ಥವಾಯಿತು. ಬೂದಿ ಚೆಲ್ಲುವಂತಿಲ್ಲ, ಹಿಂದಕ್ಕೆ ಕೊಡುವಂತಿಲ್ಲ. ಕಣ್ಣಿಗೆ ಇಳಿದ ಬೆವರು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಹಾಗೇ ಬೊಗಸೆ ಹಿಡಿದುಕೊಂಡು ನಿಂತ. ಹೊತ್ತು ಮೀರುತ್ತಿದ್ದರೂ ಅವನು ಹೋಗಲಿಲ್ಲ. ಏನಕ್ಕೆ ಕಾಯುತ್ತಿದ್ದಾನೆಂದು ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಅವನು ಅಕ್ಕನ ಎದುರು ಬಂದು ನಿಂತಾಗಲೆಲ್ಲ ಕೇಳಿದ ಮಾತು ಅದು. ಕೈ ಅಷ್ಟು ನಡುಗುವುದನ್ನು ಕಂಡು ಅವಳು ಎಂದೂ ಸುಮ್ಮನಿದ್ದವಳಲ್ಲ.

ಹಿಯಾಂಗಕ್ಕ ಕೂತು, ಬುಟ್ಟಿಯಿಂದ ಇನ್ನೊಂದು ಮೊಳಕೆ ತೆಗೆದುಕೊಂಡು ಅದರ ಬಾಲ ಮುರಿದಳು. ಊಟ ಆಯ್ತಾ ಎಂದು ಅವಳು ಕೇಳಲಿಲ್ಲ.